ಹಿತ್ತಲಲ್ಲಿ ಕಾಳು ಹಾಕಿದ ರೈಟಣ್ಣ

"ಮಿಷಿನಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ನಿಮ್ಮ ಯಜಮಾನ್ರು ಈ ವಯಸ್ಸಲ್ಲಿ ಯಾರಿಗೋ ಕಾಳು ಹಾಕ್ತಿದಾರೆ."

ಬೇಲಿಯ ಆಚೆಯಿಂದ ಈ ಸುದ್ದಿ ಬಂದಾಗ ಮಿಷಿನಕ್ಕ ಹಿತ್ತಲಿನ ತಂತಿಯ ಮೇಲೆ ಬಿಳಿ ಬಟ್ಟೆ ಒಣಹಾಕುತ್ತಿದ್ದಳು. ಹೊಲಿಯುವ ಮುಂಚೆ ಹೊಸ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸುವುದು ಅವಳ ಪದ್ಧತಿ. ಹೊಲಿದ ಮೇಲೆ ಬಟ್ಟೆ ಕುಗ್ಗಿದರೆ ದರ್ಜಿಯ ಮಾನವೂ ಜೊತೆಗೇ ಕುಗ್ಗುತ್ತದೆ ಎನ್ನುವವಳು ಅವಳು. ಸುದ್ದಿ ಕೇಳಿದ್ದೇ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ಕೆಳಗೆ ಬಿತ್ತು.

ಸುದ್ದಿ ತಂದವಳು ಪಕ್ಕದ ಮನೆಯ ಬೇಲಿ ಚಿಕ್ಕಮ್ಮ. ಆಕೆಯ ಮನೆಗೆ ಮುಂಬಾಗಿಲಿದೆ, ಜಗಲಿಯಿದೆ, ಜಗಲಿಯ ಮೇಲೆ ಒಳ್ಳೆಯ ಕುರ್ಚಿಯೂ ಇದೆ. ಆದರೂ ಆಕೆ ಸದಾ ಸಿಗುವುದು ಎರಡು ಮನೆಗಳ ನಡುವಿನ ಬೇಲಿಯ ಹತ್ತಿರ. ಅದಕ್ಕೇ ಆ ಹೆಸರು.

"ಯಾರಿಗೆ?" ಎಂದಳು ಮಿಷಿನಕ್ಕ.

"ಅದು ನಂಗೆ ಹೇಗಮ್ಮ ಗೊತ್ತಾಗ್ಬೇಕು? ಬೆಳಕು ಹರಿಯೋ ಹೊತ್ತಿಗೆ ಬಂದು ಇಲ್ಲೇ ನಿಂತಿರ್ತಾರೆ. 'ಬಾ ಬಾ, ನಿಂಗೆ ಅಂತಾನೇ ಸೀಟು ಇಟ್ಟಿದೀನಿ' ಅಂತಾರೆ. ಕಿವಿಯಾರೆ ಕೇಳಿದೀನಿ. ಇಲ್ಲದ್ದು ಹೇಳೋಳಲ್ಲ ನಾನು."

"ಆ ಕಡೆಯಿಂದ ಏನು ಉತ್ತರ ಬರುತ್ತೆ?"

"ಏನೂ ಬರಲ್ಲ. ಅದೇ ನಂಗೂ ಅನುಮಾನ. ಸನ್ನೆ ಇರ್ಬೇಕು."

ಮಿಷಿನಕ್ಕನಿಗೆ ಅನುಮಾನಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ತನ್ನ ಗಂಡ ಮಾತಾಡುತ್ತಾನೆಯೇ? ಅದೂ ಇಷ್ಟೊಂದು?

ಯಾಕೆ ಆಶ್ಚರ್ಯ ಅಂತ ಕೇಳಿದರೆ, ಅವಳ ಗಂಡ ಬಸ್ ಕಂಡಕ್ಟರ್ ಆಗಿದ್ದವನು. ಬಾಗಿಲಲ್ಲಿ ನಿಂತು "ರೈಟ್!" ಎಂದು ಕೂಗಿದನೆಂದರೆ ಡ್ರೈವರ್ ಬಸ್ಸು ಬಿಡುವುದಿರಲಿ, ರಸ್ತೆ ಬದಿಯಲ್ಲಿ ಸುಮ್ಮನೆ ನಿಂತವರೂ ಒಂದು ಹೆಜ್ಜೆ ಮುಂದಿಡುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವನು ರೈಟಣ್ಣ. ತನ್ನ ಬಸ್ಸಿನಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ ಎನ್ನುವುದು ಅವನ ದೊಡ್ಡ ಹೆಮ್ಮೆ. "ಕೊನೆಯವರ ಕಾಲು ಮೆಟ್ಟಿಲ ಮೇಲೆ ಸರಿಯಾಗಿ ಊರೋ ತನಕ ನಾನು ರೈಟ್ ಅಂದವನೇ ಅಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ನಿವೃತ್ತಿಯಾಯಿತು. ಹಾರ ಹಾಕಿಸಿಕೊಂಡು ಮನೆಗೆ ಬಂದ. ಆ ಹಾರದ ಜೊತೆ ದನಿಯನ್ನೂ ಎಲ್ಲೋ ಮೊಳೆಗೆ ನೇತುಹಾಕಿಬಿಟ್ಟನೋ ಏನೋ. "ಟೀ ಬೇಕಾ?" ಎಂದರೆ ತಲೆಯಾಡಿಸುವುದು. "ಹಸಿವಾಯ್ತಾ?" ಎಂದರೆ ಮತ್ತೆ ತಲೆಯಾಡಿಸುವುದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನು, ಬಟ್ಟೆ ಕತ್ತರಿಸುವ ಮೇಜು. ಅಳತೆ ಕೊಡಲು ಹೆಂಗಸರು ಬಂದರೆ ಅವನು ಎದ್ದು ಅಡುಗೆಮನೆಗೆ ಹೋಗಬೇಕು. ಅಡುಗೆಮನೆಯಲ್ಲಿ ಕಾಲಿಗೆ ಕಾಲು ಅಡ್ಡ. ಬಸ್ಸಿನಲ್ಲಿ ಎಲ್ಲರಿಗೂ ಜಾಗ ಮಾಡಿಕೊಟ್ಟವನಿಗೆ ಸ್ವಂತ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಈ ಮನುಷ್ಯ ಹೀಗೇ ಮಾತನ್ನೇ ಮರೆತುಬಿಟ್ಟರೆ ಏನು ಗತಿ ಎಂದು ಮಿಷಿನಕ್ಕನಿಗೆ ಒಳಗೊಳಗೇ ಭಯವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ನಿದ್ದೆ ಬಂದವಳ ಹಾಗೆ ಮಲಗಿದ್ದಳು. ಗಂಡ ಎದ್ದು ಹಿಂಬಾಗಿಲು ತೆರೆದ ಸದ್ದಾಯಿತು. ಅವಳು ಮೆಲ್ಲಗೆ ಅಡುಗೆಮನೆಯ ಕಿಟಕಿಗೆ ಬಂದು ಬಗ್ಗಿ ನೋಡಿದಳು.

ಬಟ್ಟೆಯ ತಂತಿಗೆ ಆತುಕೊಂಡಂತಿದ್ದ ಸೀಬೆಮರದ ಕೊಂಬೆಯಿಂದ, ಎಲೆಗಳ ಮರೆಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ನೇತಾಡುತ್ತಿತ್ತು. ಹೊಟ್ಟೆ ಸೀಳಿ ಬಾಯಿ ಮಾಡಿದ ಬಾಟಲಿ. ಅದರೊಳಗೆ ಬ್ರೆಡ್ಡಿನ ಚೂರು, ಡಬ್ಬಿಯ ತಳದಲ್ಲಿ ಉಳಿದಿದ್ದ ಉಪ್ಪುಖಾರದ ಕುರುಕಲು. ಸುತ್ತ ಗುಬ್ಬಿಗಳು. ನಡುವೆ ರೈಟಣ್ಣ, ಎದೆ ಸೆಟೆಸಿಕೊಂಡು.

"ಒಬ್ಬೊಬ್ಬರೇ ಹತ್ತಿ, ಒಬ್ಬೊಬ್ಬರೇ! ಒಳಗೆ ಹೋಗಿ, ಮುಂದೆ ಜಾಗ ಇದೆ. ಏಯ್, ಬಾಗಿಲಲ್ಲಿ ನಿಲ್ಬೇಡ, ಹಿಂದಿನವರಿಗೆ ದಾರಿ ಬಿಡು. ಕಾಗೆಯಪ್ಪಾ, ನಿಂದು ಲಗೇಜ್ ಜಾಸ್ತಿಯಾಯ್ತು, ನೀನು ಮುಂದಿನ ಬಸ್ಸಿಗೆ ಬಾ. ಬಾ ಚಿನ್ನಿ, ನಿಂಗೆ ಅಂತಾನೇ ಸೀಟು ಇಟ್ಟಿದೀನಿ."

ಚಿನ್ನಿ ಎಂದರೆ ಒಂದು ಪುಟ್ಟ ಹೆಣ್ಣುಗುಬ್ಬಿ. ಅದು ಎಲ್ಲರಿಗಿಂತ ಕೊನೆಗೆ ಬಂದು ಅಂಚಿನಲ್ಲಿ ಕೂತಿತು. ರೈಟಣ್ಣ ಅದರ ಕಾಲನ್ನೇ ನೋಡುತ್ತಿದ್ದ. ಅದು ನೆಟ್ಟಗೆ ಕೂತ ಮೇಲೆ, "ರೈಟ್!" ಎಂದ.

ಮಿಷಿನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೂ ಬಂತು, ಕಣ್ಣೂ ತುಂಬಿತು. ಗಂಡನ ದನಿ ಸಿಕ್ಕಿತ್ತು. ಆ ಖುಷಿ ಇದ್ದದ್ದು ಅವಳ ಕಣ್ಣು ತಂತಿಯ ಮೇಲೆ ಹೋಗುವವರೆಗೆ. ನಿನ್ನೆಯಿಂದ ಅಲ್ಲೇ ಇದ್ದ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹಿಕ್ಕೆ!

"ರೀ!" ಎಂದು ಹೊರಗೆ ಬಂದಳು. ಪ್ರಯಾಣಿಕರೆಲ್ಲ ಒಟ್ಟಿಗೆ ಹಾರಿಹೋದರು. "ಇದು ಡಾಕ್ಟ್ರಮ್ಮನ ಕೋಟಿನ ಬಟ್ಟೆ ಕಣ್ರೀ! ನೋಡಿ ಇಲ್ಲಿ, ಚಿತ್ತಾರ ಬರೆದಿಟ್ಟಿವೆ. ಮತ್ತೆ ಆ ಬಾಟ್ಲಿ ಕಟ್ಟಿರೋದು ಯಾವ ದಾರ? ನನ್ನ ಗಟ್ಟಿ ದಾರದ ಉಂಡೆ ಕಾಣ್ತಿಲ್ಲ ಅಂತ ನಾನು ಮನೆಯೆಲ್ಲ ಹುಡುಕ್ತಿದೀನಿ!"

"ಎರಡು ಮೊಳ ತಗೊಂಡೆ ಅಷ್ಟೆ ಕಣೇ."

"ಎರಡು ಮೊಳಕ್ಕೆ ಉಂಡೆ ಪೂರ್ತಿ ಖಾಲಿ ಆಗುತ್ತಾ?"

ಬೈದದ್ದೇನೋ ಬೈದಳು. ಆದರೆ ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಬಟ್ಟೆಯನ್ನು ಮತ್ತೊಮ್ಮೆ ತೊಳೆದಳು. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ರೈಟಣ್ಣ ತಾನಾಗಿಯೇ ಮಾತಾಡಿದ. ಯಾವ ಗುಬ್ಬಿ ಜಗಳಗಂಟಿ, ಯಾವುದು ನಾಚಿಕೆಯದು, ಎಲ್ಲ ವರದಿ. ಮಿಷಿನಕ್ಕ "ಹೂಂ, ಹೂಂ" ಎನ್ನುತ್ತ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಹೀಗೆ ಕೆಲವು ದಿನ ನಡೆಯಿತು. ಒಂದು ದಿನ ಅವಳು ಮಿಷಿನ್ ತುಳಿಯುತ್ತಿದ್ದಾಗ ಹಿತ್ತಲಿನಿಂದ ಕೂಗು ಬಂತು. ಅದು ಕಂಡಕ್ಟರನ ದನಿಯಾಗಿರಲಿಲ್ಲ. ಹೆದರಿದವನ ದನಿ.

"ಬಾರೇ! ಬೇಗ ಬಾ! ಕತ್ತರಿ ತಾ!"

ಚಿನ್ನಿ ತಲೆಕೆಳಗಾಗಿ ನೇತಾಡುತ್ತಿತ್ತು. ಬಾಟಲಿಯ ದಾರದ ಸಡಿಲ ತುದಿ ಅದರ ಕಾಲಿಗೆ ಸುತ್ತಿಕೊಂಡು ಬಿಗಿದಿತ್ತು. ಅದು ರೆಕ್ಕೆ ಬಡಿದಷ್ಟೂ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ರೈಟಣ್ಣ ಅದನ್ನು ಮುಟ್ಟಲು ಹೆದರಿ ಕೊಂಬೆಯನ್ನು ಅಲುಗದಂತೆ ಹಿಡಿದುಕೊಂಡಿದ್ದ. ಮಿಷಿನಕ್ಕ ಒಂದು ಬಟ್ಟೆಯ ತುಂಡನ್ನು ಗುಬ್ಬಿಯ ಮೇಲೆ ಹೊದಿಸಿ ಅಂಗೈಯಲ್ಲಿ ಹಗುರವಾಗಿ ಹಿಡಿದಳು. ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯ ಮೊನೆಯನ್ನು ಚರ್ಮಕ್ಕೂ ದಾರಕ್ಕೂ ನಡುವೆ ತೂರಿಸಿ ಒಂದೊಂದೇ ಸುತ್ತು ಕತ್ತರಿಸಿದಳು. ತಪ್ಪು ಹೊಲಿಗೆ ಎಷ್ಟೋ ಬಿಚ್ಚಿದ್ದಳು, ಹೀಗೆ ಉಸಿರು ಬಿಗಿಹಿಡಿದು ಬಿಚ್ಚಿದ್ದು ಅದೇ ಮೊದಲು. ಕೈ ತೆರೆದಾಗ ಗುಬ್ಬಿ ಓರೆಯಾಗಿ ಹಾರಿ ಬೇಲಿ ಚಿಕ್ಕಮ್ಮನ ಮನೆಯ ಮಾಡಿನ ಆಚೆ ಮರೆಯಾಯಿತು. ಬದುಕಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ರೈಟಣ್ಣ ಬಾಟಲಿಯನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ. ಕೊಂಬೆಯಲ್ಲಿ ಉಳಿದ ದಾರವನ್ನೂ ಒಂದೊಂದೇ ಎಳೆ ಬಿಡಿಸಿ ತೆಗೆದ.

"ನನ್ನ ಬಸ್ಸಲ್ಲಿ ಒಬ್ಬರಿಗೂ ಗಾಯ ಆಗಿರ್ಲಿಲ್ಲ" ಎಂದ.

ಆಮೇಲೆ ಮಾತು ನಿಂತುಹೋಯಿತು. ಟೀ ಎಂದರೆ ತಲೆಯಾಡಿಸುವುದು, ಊಟ ಎಂದರೆ ತಲೆಯಾಡಿಸುವುದು. ಮೊದಲಿಗಿಂತ ಕೆಟ್ಟದಾಯಿತು. ಮೊದಲಾದರೂ ಹಿಂಬಾಗಿಲಿನಿಂದ ಆಗಾಗ ಹೊರಗೆ ನೋಡುತ್ತಿದ್ದ, ಈಗ ಆ ಬಾಗಿಲಿಗೇ ಬೆನ್ನು ಹಾಕಿ ಕೂರುತ್ತಿದ್ದ. ಮಿಷಿನಕ್ಕನ ಬಟ್ಟೆಗಳು ಬೆಳ್ಳಗೆ ಒಣಗುತ್ತಿದ್ದವು. ತೆಗೆಯಲು ಹೋದಾಗಲೆಲ್ಲ ಒಂದು ಕಲೆಯಾದರೂ ಇದೆಯೇ ಎಂದು ಅವಳು ಹುಡುಕುತ್ತಿದ್ದಳು.

ಆ ವಾರ ಕೋಟು ಒಯ್ಯಲು ಡಾಕ್ಟ್ರಮ್ಮ ಬಂದರು. ಪಶು ಆಸ್ಪತ್ರೆಯ ವೈದ್ಯೆ. ಬೀದಿಯವರು ಪ್ರೀತಿಯಿಂದ ದನದ ಡಾಕ್ಟ್ರಮ್ಮ ಅನ್ನುತ್ತಾರೆ. ಆಕೆಯೂ ನಕ್ಕು "ಹೂಂ" ಅನ್ನುತ್ತಾರೆ.

"ತಡವಾಯ್ತು ಡಾಕ್ಟ್ರೇ, ಕ್ಷಮಿಸಿ. ನಿಮ್ಮ ಬಟ್ಟೆ ಮೇಲೆ ಗುಬ್ಬಿಗಳು ಹಿಕ್ಕೆ ಹಾಕಿಬಿಟ್ವು. ಎರಡೆರಡು ಸಲ ತೊಳೆದೆ."

"ಅಯ್ಯೋ ಅಕ್ಕಾ, ನನ್ನ ಕೋಟಿಗೆ ದಿನಾ ಸಗಣಿ ಅಭಿಷೇಕ. ಅದರ ಮುಂದೆ ಗುಬ್ಬಿ ಹಿಕ್ಕೆ ಯಾವ ಲೆಕ್ಕ!" ಡಾಕ್ಟ್ರಮ್ಮ ಕೋಟನ್ನು ಮೈಮೇಲೆ ಹಿಡಿದು ನೋಡಿದರು. "ಗುಬ್ಬಿ ಬರ್ತವಾ ನಿಮ್ಮ ಹಿತ್ತಲಿಗೆ? ಪುಣ್ಯವಂತರು."

"ಬರ್ತಿದ್ವು" ಎಂದಳು ಮಿಷಿನಕ್ಕ. ಕುರ್ಚಿ ಎಳೆದು ಡಾಕ್ಟ್ರಮ್ಮನನ್ನು ಕೂರಿಸಿ ಬಾಟಲಿ, ದಾರ, ಚಿನ್ನಿ, ಎಲ್ಲವನ್ನೂ ಹೇಳಿದಳು. "ಅವರು ಮಾಡಿದ್ದು ಪ್ರೀತಿಯಿಂದಾನೇ. ಆದ್ರೆ ಹೀಗಾಯ್ತು. ಇನ್ನು ಹಕ್ಕಿ ಸಹವಾಸವೇ ಬೇಡ ಅಂತ ಬಿಟ್ಟುಬಿಡೋದು ಒಳ್ಳೇದಲ್ವಾ? ಅವಕ್ಕೂ ಕ್ಷೇಮ, ನಮಗೂ ಕ್ಷೇಮ."

"ಬಿಡೋದು ಯಾಕೆ? ಸರಿಯಾಗಿ ಮಾಡೋದು" ಎಂದರು ಡಾಕ್ಟ್ರಮ್ಮ. "ಅಕ್ಕಾ, ನಿಮ್ಮ ದಾರ ಒಳ್ಳೇ ದಾರ. ಅದೇ ಕಷ್ಟ. ಎಷ್ಟು ಎಳೆದ್ರೂ ಹರಿಬಾರ್ದು ಅಂತ ಮಾಡಿರೋದು. ಅಂಗಿಗೆ ಅದು ಬೇಕು. ಹಕ್ಕಿ ಕಾಲಿಗೆ ಸುತ್ತಿಕೊಂಡ್ರೆ ಮಾತ್ರ ದಾರ ಹರಿಯಲ್ಲ, ಕಾಲೇ ಹರಿಯುತ್ತೆ. ಗಾಳಿಪಟದ ದಾರ, ಮೀನಿನ ದಾರ, ಕೂದಲು, ಎಲ್ಲಾ ಅಷ್ಟೇ. ಅಂದ ಹಾಗೆ, ನೀವು ನೆಲದ ಮೇಲೆ ಬೀಳೋ ದಾರದ ಚೂರು ಏನು ಮಾಡ್ತೀರಿ?"

"ಗುಡಿಸಿ ಹಿಂಬಾಗಿಲಿಂದ ಹೊರಗೆ..." ಎನ್ನುತ್ತಲೇ ಮಿಷಿನಕ್ಕ ನಾಲಿಗೆ ಕಚ್ಚಿಕೊಂಡಳು.

"ಅದನ್ನ ಗುಬ್ಬಿ ಗೂಡಿಗೆ ಒಯ್ಯುತ್ತೆ. ಮೆತ್ತಗಿದೆ ಅಂತ ಮರಿಗಳ ಕೆಳಗೆ ಹಾಸುತ್ತೆ. ಮರಿ ಕಾಲು ಅದರಲ್ಲೇ ಸಿಕ್ಕಿಕೊಳ್ಳುತ್ತೆ."

ಇಷ್ಟು ದಿನ ಅವಳು ಮನಸ್ಸಿನಲ್ಲೇ ಗಂಡನನ್ನು ದೂರಿದ್ದಳು. ಈಗ ಕಾಲಡಿಯ ದಾರದ ಚೂರುಗಳನ್ನು ನೋಡಿ ಮುಖ ಹುಳ್ಳಗಾಯಿತು. ಅಲ್ಲೇ ಇದ್ದ ಖಾಲಿ ಬಿಸ್ಕತ್ ಡಬ್ಬಿಯನ್ನು ಎಳೆದು ಮಿಷಿನ್ನಿನ ಕೆಳಗಿಟ್ಟಳು. ಇನ್ನು ಮೇಲೆ ಒಂದು ಎಳೆಯೂ ಹೊರಗೆ ಹೋಗಕೂಡದು.

ಅಡುಗೆಮನೆಯಲ್ಲಿ ಒಂದು ಸ್ಟೂಲು ಕಿರ್ ಎಂದಿತು. ಅಲ್ಲೊಬ್ಬರು ಮೈಯೆಲ್ಲ ಕಿವಿಯಾಗಿ ಕೂತಿದ್ದಾರೆ ಎನ್ನುವುದು ಇಬ್ಬರು ಹೆಂಗಸರಿಗೂ ಗೊತ್ತಾಯಿತು. ಡಾಕ್ಟ್ರಮ್ಮ ದನಿಯನ್ನು ಸ್ವಲ್ಪ ಎತ್ತರಿಸಿದರು.

"ಮತ್ತೆ ಬ್ರೆಡ್ಡು, ಕುರುಕಲು ಬೇಡ. ಬ್ರೆಡ್ಡು ಹೊಟ್ಟೆ ತುಂಬಿಸುತ್ತೆ ಅಷ್ಟೆ, ಮೈಗೆ ಏನೂ ಹತ್ತಲ್ಲ. ಉಪ್ಪು, ಎಣ್ಣೆ, ಖಾರ, ಸಕ್ಕರೆ ನಮ್ಮ ನಾಲಿಗೆಗೆ. ಅಷ್ಟು ಪುಟ್ಟ ಜೀವ ಉಪ್ಪು ತಡೆಯಲ್ಲ. ನುಚ್ಚಕ್ಕಿ, ಸಜ್ಜೆ, ನವಣೆ, ಜೋಳ, ಯಾವುದಿದ್ರೆ ಅದು. ಬೇಯಿಸದೇ ಇರೋದು, ಒಣಗಿದ್ದು, ಬೂಸ್ಟು ಹಿಡೀದೇ ಇರೋದು. ಹಣ್ಣು ತಿನ್ನೋ ಹಕ್ಕಿಗಳಿಗೆ ಅರ್ಧ ಸೀಬೆಹಣ್ಣು, ಒಂದು ಹೋಳು ಪರಂಗಿ."

"ಹಾಕೋಕೆ ಪಾತ್ರೆ? ಅಂಗಡೀಲಿ ಬಣ್ಣಬಣ್ಣದ್ದು ಸಿಗುತ್ತಂತಲ್ಲ?"

"ಯಾಕಕ್ಕಾ ಬಣ್ಣ? ನೀವು ಬಿಸಾಡೋ ತೆಂಗಿನ ಚಿಪ್ಪು ಇಲ್ವಾ? ಬಿಸಿಲಿಗೆ ಕಾಯಲ್ಲ, ಅಂಚು ಒರಟಾಗಿರೋದ್ರಿಂದ ಕಾಲು ಜಾರಲ್ಲ. ಕಿತ್ತಳೆ ತಿಂದ ಮೇಲೆ ಅರ್ಧ ಸಿಪ್ಪೆ ಬಟ್ಟಲಿನ ಹಾಗೆ ಉಳಿಯುತ್ತೆ, ಅದೂ ಆಗುತ್ತೆ, ಬಾಡಿದ ಮೇಲೆ ಗಿಡದ ಬುಡಕ್ಕೆ ಹಾಕಿ. ಸೂರ್ಯಕಾಂತಿ ಹೂವು ಒಣಗಿದ್ರೆ ಕಾಳು ಬಿಡಿಸೋದೇ ಬೇಡ, ಹಾಗೇ ತೂಗುಹಾಕಿ, ಅವೇ ಬಿಡಿಸ್ಕೊಂಡು ತಿಂತವೆ."

ಮಿಷಿನಕ್ಕ ಅಷ್ಟಕ್ಕೆ ಬಗ್ಗುವವಳಲ್ಲ. ಅಳತೆ ಒಂದು ನೂಲು ತಪ್ಪಿದರೂ ಮತ್ತೆ ಬಿಚ್ಚುವ ಜಾತಿ.

"ಕಾಳು ಕೆಳಗೆ ಚೆಲ್ಲುತ್ತೆ. ಇಲಿ ಬರಲ್ವಾ?"

"ಹಿಡಿ ತುಂಬ ಹಾಕಿ, ಬುಟ್ಟಿ ತುಂಬ ಹಾಕ್ಬೇಡಿ. ಸಂಜೆ ಕೆಳಗೆ ಬಿದ್ದದ್ದು ಗುಡಿಸಿಬಿಡಿ. ಇಲಿಗೆ ಏನೂ ಉಳಿಯಲ್ಲ."

"ಬೆಕ್ಕು?"

"ಆಳೆತ್ತರಕ್ಕೆ ಕಟ್ಟಿ. ಗೋಡೆ, ಪೊದೆ ಹತ್ತಿರ ಬೇಡ. ಗಾಜಿನ ಕಿಟಕಿ ಎದುರಿಗೂ ಬೇಡ, ಆಕಾಶ ಅಂದ್ಕೊಂಡು ಬಂದು ಗುದ್ದಿಕೊಳ್ತವೆ."

"ನನ್ನ ಬಟ್ಟೆ?"

"ತಂತಿ ಪಕ್ಕದಲ್ಲಿ ಬಸ್ ಸ್ಟ್ಯಾಂಡ್ ಮಾಡಿದ್ರೆ ಬಟ್ಟೆ ಮೇಲೆ ಬೀಳದೆ ಇನ್ನೆಲ್ಲಿ ಬೀಳುತ್ತೆ? ಹಿತ್ತಲ ಮೂಲೇಲಿ ನಿಮ್ಮ ಹುರುಳಿಕಾಯಿ ಪಾತಿ ಇದೆಯಲ್ಲ, ಅದರ ಮೇಲೆ ಒಂದು ಗಳ ಅಡ್ಡ ಕಟ್ಟಿ, ಅಲ್ಲಿ ತೂಗುಹಾಕಿ. ಹಿಕ್ಕೆ ಗೊಬ್ಬರ ಆಗುತ್ತೆ. ಬಳ್ಳಿಗೆ ಹುಳ ಬಿದ್ರೆ ಅದನ್ನೂ ಹೆಕ್ಕಿ ತಿಂತವೆ. ಆದ್ರೆ ಔಷಧಿ ಹೊಡೀಬೇಡಿ, ಹುಳದ ಜೊತೆ ಹಕ್ಕೀನೂ ಹೋಗುತ್ತೆ."

"ಹೀಗೆ ಕೂತಲ್ಲೇ ಸಿಕ್ಕಿದ್ರೆ ಅವು ಸೋಮಾರಿ ಆಗಲ್ವಾ ಡಾಕ್ಟ್ರೇ?"

ಡಾಕ್ಟ್ರಮ್ಮ ಅಡುಗೆಮನೆಯ ಕಡೆ ನೋಡಿ ನಕ್ಕರು. "ಅವೇನು ನಿಮ್ಮ ಒಂದೇ ಬಸ್ಸನ್ನ ನಂಬ್ಕೊಂಡಿಲ್ಲ ಅಕ್ಕಾ. ದಿನವೆಲ್ಲ ಊರು ಸುತ್ತಿ ಹುಡುಕಿಯೇ ತಿಂತವೆ. ಆದ್ರೆ ಈಗ ಊರಲ್ಲಿ ಖಾಲಿ ಜಾಗ ಎಲ್ಲಿದೆ? ಹುಲ್ಲು, ಪೊದೆ, ನೀರು ಎಲ್ಲಿದೆ? ಒಂದು ನಿಲ್ದಾಣ ಇರ್ಲಿ ಅಂತ, ಅಷ್ಟೆ. ಪಕ್ಕದಲ್ಲಿ ಒಂದು ಮಣ್ಣಿನ ತಟ್ಟೇಲಿ ನೀರಿಡಿ. ಆಳ ಬೇಡ. ನಡುವೆ ಒಂದು ಕಲ್ಲು ಇಟ್ರೆ ನಿಂತು ಕುಡೀತವೆ. ದಿನಾ ನೀರು ಬದಲಾಯಿಸಿ, ವಾರಕ್ಕೊಮ್ಮೆ ಚಿಪ್ಪನ್ನ ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಹಾಕಿ. ಕೊಳೆ ಪಾತ್ರೆಯಿಂದ ಒಂದರ ರೋಗ ಇನ್ನೊಂದಕ್ಕೆ ಹರಡುತ್ತೆ."

"ಆ ಗುಬ್ಬಿ..." ಮಿಷಿನಕ್ಕ ದನಿ ತಗ್ಗಿಸಿದಳು. "ಬದುಕಿರುತ್ತಾ?"

"ಬೇಗ ಬಿಡಿಸಿದೀರಿ. ಹಾರಿ ಬೇರೆ ಹೋಗಿದೆ. ಕಾಲು ಸ್ವಲ್ಪ ಸೊಟ್ಟ ಆಗಿರ್ಬಹುದು. ಸೊಟ್ಟ ಕಾಲಲ್ಲೂ ಗುಬ್ಬಿ ಚೆನ್ನಾಗೇ ಬದುಕುತ್ತೆ. ಇನ್ನೊಂದ್ಸಲ ಹೀಗೇನಾದ್ರೂ ಆದ್ರೆ ತೂತು ಮಾಡಿದ ಡಬ್ಬದಲ್ಲಿಟ್ಟು ನನ್ನ ಹತ್ತಿರ ತನ್ನಿ."

ಡಾಕ್ಟ್ರಮ್ಮ ಹೋದ ಮೇಲೆ ಮಿಷಿನಕ್ಕ ತೆಂಗಿನ ಚಿಪ್ಪುಗಳನ್ನು ಕಲ್ಲಿಗೆ ಉಜ್ಜಿ ನಾರು ತೆಗೆದಳು. ಮೇಜಿನ ಮೇಲಿಟ್ಟು ಅಂಚಿಗೆ ಅಳತೆ ಟೇಪು ಸುತ್ತಿ, ಸೀಮೆಸುಣ್ಣದಲ್ಲಿ ಸಮ ಅಂತರಕ್ಕೆ ಮೂರು ಗುರುತು ಹಾಕಿದಳು. ಕಾಲರಿಗೆ ಗುರುತು ಹಾಕುವಾಗಲೂ ಅವಳು ಅಷ್ಟು ನಿಗಾ ವಹಿಸಿದವಳಲ್ಲ. ಒಲೆಯ ಮೇಲೆ ಮೊಳೆ ಕಾಯಿಸಿದಳು. ಅದನ್ನು ಹಿಡಿಯಲು ಏನಿದೆ ಎಂದು ಅತ್ತಿತ್ತ ನೋಡುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಇಕ್ಕಳವನ್ನು ತಂದು ಮೇಜಿನ ಮೇಲಿಟ್ಟು ಸದ್ದಿಲ್ಲದೆ ಹೋಯಿತು. ಅವಳು ತಿರುಗಿ ನೋಡಲಿಲ್ಲ, ಆದರೆ ಕಂಡೆ ಎನ್ನುವ ಹಾಗೆ ಗಂಟಲು ಸರಿಮಾಡಿಕೊಂಡಳು.

ಕಾದ ಮೊಳೆ ತಾಗಿದ ಕಡೆ ಚಿಪ್ಪು ಚುರ್ ಎಂದು ಹೊಗೆಯಾಡಿತು. ಅಂಚಿನಲ್ಲಿ ಮೂರು ತೂತು ಹಗ್ಗಕ್ಕೆ, ತಳದಲ್ಲೊಂದು ಸಣ್ಣ ತೂತು ಮಳೆನೀರು ಇಳಿದುಹೋಗಲು. ಹಗ್ಗ ಮಾತ್ರ ದಪ್ಪನೆಯ ತೆಂಗಿನ ನಾರಿನದು. ಪ್ರತಿ ತುದಿಗೂ ಗಂಟು ಹಾಕಿ, ಗಂಟಿನಾಚೆ ಉಳಿದ ನಾರನ್ನೆಲ್ಲ ಮಟ್ಟಸವಾಗಿ ಕತ್ತರಿಸಿದಳು. ಸಡಿಲ ಎಳೆ ಬಿಟ್ಟ ಕೆಲಸ ಅವಳಿಂದ ಇನ್ನು ಹೊರಗೆ ಹೋಗುವುದಿಲ್ಲ.

ಒಣಗಿದ ಸೂರ್ಯಕಾಂತಿಯನ್ನು ಬೇಲಿಯ ಮೇಲಿನಿಂದ ಚಿಕ್ಕಮ್ಮನೇ ಕೊಟ್ಟಳು. "ಏನಕ್ಕೆ?" ಎಂದು ಎರಡು ಸಲ ಕೇಳಿದಳು. ಮಿಷಿನಕ್ಕ ಎರಡು ಸಲವೂ ನಕ್ಕಳು. ಚಿಕ್ಕಮ್ಮನಿಗೆ ಅಂದು ಊಟ ರುಚಿಸಿರಲಿಕ್ಕಿಲ್ಲ.

ಹುರುಳಿಕಾಯಿ ಪಾತಿಯ ಮೇಲೆ ಎರಡು ಚಿಪ್ಪು, ಒಂದು ಹೂವು, ಒಂದು ಕಿತ್ತಳೆಯ ಬಟ್ಟಲು ತೂಗಿದವು. ಪಕ್ಕದಲ್ಲಿ ನೀರಿನ ತಟ್ಟೆ. ಆದರೆ ಹಕ್ಕಿ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಒಂದು ಅಳಿಲು ಬಂದು ಎಲ್ಲವನ್ನೂ ಮೂಸಿ, ತಪಾಸಣೆಯ ಅಧಿಕಾರಿಯ ಹಾಗೆ ಬಾಲ ಎತ್ತಿಕೊಂಡು ಹೋಯಿತು. ಮಿಷಿನಕ್ಕ ಕಾಳು ಬದಲಾಯಿಸಿದಳು, ನೀರು ಬದಲಾಯಿಸಿದಳು. ಡಾಕ್ಟ್ರಮ್ಮ ಹೋಗುವಾಗ ಹೇಳಿದ್ದರು: "ಹೊಸ ಜಾಗದ ಮೇಲೆ ನಂಬಿಕೆ ಬರೋಕೆ ಹಕ್ಕಿಗೆ ಸಮಯ ಬೇಕು. ನೀವು ನಿಲ್ಲಿಸ್ಬೇಡಿ."

ಅವಳು ನಿಲ್ಲಿಸಲಿಲ್ಲ. ಗಂಡನೂ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ಸೀಬೆಮರದಲ್ಲಿ ಚಿಲಿಪಿಲಿ ಕೇಳಿತು. ಮಿಷಿನಕ್ಕ ಓಡಿ ಹೋಗಿ ನೋಡಿದಳು. ಕೊಂಬೆಯ ತುಂಬ ಗುಬ್ಬಿಗಳು ಚಿಪ್ಪಿನ ಕಡೆಯೇ ಕತ್ತು ಹೊರಳಿಸಿ ಕೂತಿದ್ದವು. ಯಾವುದೂ ಇಳಿಯಲೊಲ್ಲದು. ಅವಳಿಗೆ ಏನು ತೋಚಿತೋ, ಗಂಡನ ಹಾಗೇ ಒಂದು ಕೈ ಎತ್ತಿ, ಗಂಟಲು ದೊಡ್ಡದು ಮಾಡಿ ಕೂಗಿದಳು:

"ರೈಟ್, ರೈಟ್! ಮುಂದೆ ಹೋಗಿ! ಹತ್ತಿ, ಹತ್ತಿ! ರೈಟ್!"

ಒಳಗೆ ಸ್ಟೂಲು ಬಿದ್ದ ಸದ್ದಾಯಿತು.

"ಏನೇ ಇದು?" ರೈಟಣ್ಣ ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ನಿಜವಾದ ಸಿಟ್ಟು. "ಯಾರೂ ಹತ್ತೋಕೆ ಮುಂಚೆನೇ ರೈಟ್ ಅಂತಾರಾ ಯಾರಾದ್ರೂ? ಖಾಲಿ ಬಸ್ಸು ಬಿಡ್ತೀಯಾ? ಎಲ್ರನ್ನೂ ರಸ್ತೆ ಮೇಲೆ ಬಿಟ್ಟು ಹೋಗ್ತೀಯಾ?"

"ನಂಗೇನ್ರೀ ಗೊತ್ತು? ನಾನು ಹೊಲಿಯೋಳು. ಬರೋರು ಬಂದು ಮಾಡ್ಲಿ."

"ಆ ಕಡೆ ಸರಿ" ಎಂದ ರೈಟಣ್ಣ.

ಅವನು ಹಿತ್ತಲಿಗೆ ಇಳಿದ. ಮೊದಲು ಹಗ್ಗವನ್ನು ಎಳೆದು ನೋಡಿದ. ಒಂದೊಂದು ಗಂಟನ್ನೂ ಬೆರಳಿನಿಂದ ಸವರಿ ಸಡಿಲ ಎಳೆಯಿದೆಯೇ ಎಂದು ಹುಡುಕಿದ. ಇರಲಿಲ್ಲ. ಹೆಂಡತಿಯ ಕಡೆ ಒಮ್ಮೆ ನೋಡಿದ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೆಲ್ಲಗೆ ಕರೆದ.

"ಬನ್ನಿ. ಹೊಸ ಗಾಡಿ. ಅವಸರ ಇಲ್ಲ, ನಿಧಾನಕ್ಕೆ ಬನ್ನಿ. ಎಲ್ರಿಗೂ ಜಾಗ ಇದೆ."

ಒಂದು ಗಂಡುಗುಬ್ಬಿ ಇಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಕೊಂಬೆಯೇ ಉದುರಿದ ಹಾಗೆ ಎಲ್ಲವೂ ಇಳಿದವು. ಸೂರ್ಯಕಾಂತಿಯ ಮೇಲೆ ಜಗಳ ಶುರುವಾಯಿತು, ನೀರಿನ ತಟ್ಟೆಯಲ್ಲಿ ಸ್ನಾನ ಶುರುವಾಯಿತು. ಮಿಷಿನಕ್ಕ ಗಂಡನ ಬಾಯನ್ನೇ ನೋಡುತ್ತಿದ್ದಳು. ಅವನು ರೈಟ್ ಎನ್ನಲಿಲ್ಲ. ಕೊಂಬೆಯ ಕಡೆಯೇ ನೋಡುತ್ತಿದ್ದ.

ಕೊಂಬೆಯ ಮೇಲೆ ಇನ್ನೂ ಒಂದು ಉಳಿದಿತ್ತು. ಪುಟ್ಟ ಹೆಣ್ಣುಗುಬ್ಬಿ. ಅದು ಹಾರಿ ಬಂದು ಚಿಪ್ಪಿನ ಅಂಚಿಗೆ ಕಾಲಿಟ್ಟಿತು. ಒಂದು ಕಾಲು ನೆಟ್ಟಗಿತ್ತು, ಇನ್ನೊಂದು ಒಳಕ್ಕೆ ಸೊಟ್ಟಗಾಗಿತ್ತು. ಚಿಪ್ಪು ತೂಗಿತು, ಗುಬ್ಬಿ ರೆಕ್ಕೆ ಬಿಚ್ಚಿತು. ಒರಟು ಅಂಚು ಜಾರಲಿಲ್ಲ. ಸೊಟ್ಟ ಕಾಲು ಮೆಲ್ಲಗೆ ಊರಿತು. ಚಿನ್ನಿ ರೆಕ್ಕೆ ಮಡಚಿ, ಕಾಳಿಗೆ ಕೊಕ್ಕು ಹಾಕಿತು.

"ರೈಟ್!" ಎಂದ ರೈಟಣ್ಣ.

ಬಸ್ಸಿನ ಬಾಗಿಲಲ್ಲಿ ಕೂಗುತ್ತಿದ್ದ ಅದೇ ದನಿ. ಬೀದಿಯ ತುದಿಗೂ ಕೇಳಿಸಿರಬೇಕು. ಕೂಗಿದವನ ಕಣ್ಣು ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲು ಮಿಷಿನಕ್ಕ ತನ್ನ ಸೆರಗಿನ ತುದಿ ಕೊಟ್ಟಳು.

ಬೇಲಿಯ ಆಚೆ ತಲೆಯೊಂದು ಮೇಲೆದ್ದಿತು. "ಮಿಷಿನಕ್ಕಾ, ಏನಮ್ಮ ಇದು, ಬೆಳ್ಳಂಬೆಳಿಗ್ಗೆ..."

"ಹೂಂ ಚಿಕ್ಕಮ್ಮ, ನೀವು ಹೇಳಿದ್ದು ನಿಜ" ಎಂದಳು ಮಿಷಿನಕ್ಕ. "ಇವರು ಕಾಳು ಹಾಕ್ತಿದಾರೆ. ಈಗ ನಾನೂ ಹಾಕ್ತಿದೀನಿ. ನಿಮಗೂ ಒಂದು ಚಿಪ್ಪು ಮಾಡಿಟ್ಟಿದೀನಿ, ತಗೊಳ್ಳಿ. ಹಾಕಿ, ಈ ವಯಸ್ಸಲ್ಲಿ ತಪ್ಪೇನಿಲ್ಲ!"

ಈಗ ಬೇಲಿಯ ಆ ಬದಿಯಲ್ಲೂ ಒಂದು ಚಿಪ್ಪು ತೂಗುತ್ತಿದೆ. ಬೇಲಿ ಚಿಕ್ಕಮ್ಮ ಅದರ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಬೀದಿಯ ಸುದ್ದಿ ಸ್ವಲ್ಪ ಕಡಿಮೆಯಾಗಿದೆ, ಗುಬ್ಬಿಗಳ ಸಂಸಾರದ ಸುದ್ದಿ ಹೆಚ್ಚಾಗಿದೆ.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇವತ್ತು ಒಂದು ತೆಂಗಿನಕಾಯಿ ಒಡೆದಿರಬಹುದು, ಒಂದು ಕಿತ್ತಳೆ ಸುಲಿದಿರಬಹುದು. ಆ ಚಿಪ್ಪನ್ನು, ಆ ಸಿಪ್ಪೆಯನ್ನು ಬಿಸಾಡುವ ಮುಂಚೆ ಒಮ್ಮೆ ಹಿತ್ತಲ ಕಡೆ ನೋಡಿ. ಹಿತ್ತಲಿಲ್ಲವೇ? ಬಾಲ್ಕನಿ ಸಾಕು, ಮಹಡಿಯ ಮೂಲೆ ಸಾಕು. ದಪ್ಪ ನಾರಿನ ಹಗ್ಗದಲ್ಲಿ ಕಟ್ಟಿ, ಹೊಲಿಗೆ ದಾರ, ನೈಲಾನ್ ದಾರ ಬೇಡವೇ ಬೇಡ. ಹಿಡಿ ಕಾಳು ಹಾಕಿ, ಉಪ್ಪುಖಾರ ಬೇಡ. ತಟ್ಟೆಯಲ್ಲಿ ನೀರಿಡಿ, ಎಲ್ಲವನ್ನೂ ಶುಚಿಯಾಗಿಡಿ. ಮೊದಲ ದಿನ ಯಾರೂ ಬಾರದಿದ್ದರೆ ಬೇಸರಪಡಬೇಡಿ. ನಾಳೆಯೂ ಹಾಕಿ, ನಾಡಿದ್ದೂ ಹಾಕಿ. ಬಂದೇ ಬರುತ್ತವೆ.

ಬಂದಾಗ ಅವಸರ ಮಾಡಬೇಡಿ. ಎಲ್ಲಕ್ಕಿಂತ ಕೊನೆಗೆ ಬರುವ ಆ ಪುಟ್ಟದರ ಕಾಲು ಅಂಚಿನ ಮೇಲೆ ಸರಿಯಾಗಿ ಊರಲಿ. ಆಮೇಲೆ ನೀವೂ ಒಮ್ಮೆ ಬಾಯಿ ತುಂಬ ಹೇಳಿ: ರೈಟ್!